ಪರದೆಯ ಆಚೆ ಈಚೆ ಒಂದು ಬಾಟಲಿ ಬರ್ಬನ್

ಮೂರು ಬಾಟಲಿಗಳಿದ್ದವು. ಇಷ್ಟು ಮಾತ್ರ ಖಚಿತ. ಒಂದರ ಮೈಗೆ ಅಂಟಿಸಿದ ಚೀಟಿ ಹಳದಿ, ಒಂದರದು ಬಿಳಿ. ಮೂರನೆಯದು ನನ್ನ ನೆನಪಿನಲ್ಲಿ ಒಮ್ಮೆ ಕೆಂಪಾಗುತ್ತದೆ, ಒಮ್ಮೆ ಕಪ್ಪಾಗುತ್ತದೆ. ಮೂರೂ ಅಮೆರಿಕದ ವಿಸ್ಕಿ, ಬರ್ಬನ್ ಎಂಬ ಜಾತಿಯದು. ಯಾವುದೋ ಹಡಗಿನ ಸಾಮಾನು ಹರಾಜಾದಾಗ ನಮ್ಮ ಸೇಠರು ಕೊಂಡು ತಂದಿದ್ದರು. ಮುಂಬಯಿಯಲ್ಲಿ ಕುಡಿಯುವ ಅನುಮತಿ ಇದ್ದವರಿಗೆಲ್ಲ ಸ್ಕಾಚ್ ಬೇಕು. ಹಾಗಾಗಿ ಇವು ಕೆಳಗಿನ ಹಲಗೆಯ ಮೇಲೆ ಧೂಳು ತಿನ್ನುತ್ತಿದ್ದವು. ಬೆಲೆಯೂ ಇಳಿದಿತ್ತು.

ಐವತ್ತರ ದಶಕದ ಮಾತು. ಪಾನನಿಷೇಧ ಬಂದಿತ್ತು. ಡಾಕ್ಟರರ ಚೀಟಿ ತೋರಿಸಿ ಸರ್ಕಾರದಿಂದ ಪರ್ಮಿಟ್ ಪಡೆದವರು ಮಾತ್ರ, ತಿಂಗಳಿಗೆ ಇಷ್ಟೇ ಎಂಬ ಲೆಕ್ಕದಲ್ಲಿ, ನಮ್ಮಂಥ ಅಂಗಡಿಯಿಂದ ಕೊಳ್ಳಬಹುದಾಗಿತ್ತು. ಫೋರ್ಟ್ ಬಡಾವಣೆಯಲ್ಲಿದ್ದ ಆ ಪಾರ್ಸಿ ಸೇಠರ ಅಂಗಡಿಯಲ್ಲಿ ನಾನು ಗುಮಾಸ್ತ. ಧಾರವಾಡದ ನಮ್ಮ ಮನೆಗೆ ಬರೆದ ಪತ್ರಗಳಲ್ಲಿ ಅದನ್ನು ಔಷಧದ ಅಂಗಡಿ ಎಂದು ತಿಳಿಸಿದ್ದೆ. ಡಾಕ್ಟರರ ಚೀಟಿ ಇಲ್ಲದೆ ಏನನ್ನೂ ಕೊಡುತ್ತಿರಲಿಲ್ಲವಾದ್ದರಿಂದ ಅದು ಪೂರ್ತಿ ಸುಳ್ಳಲ್ಲ.

ನನಗೆ ಪರ್ಮಿಟ್ ಇರಲಿಲ್ಲ. ಮಾರುವುದನ್ನು ನಾಲಿಗೆಗೆ ಮುಟ್ಟಿಸುವಂತಿರಲಿಲ್ಲ. ಆದರೂ ಬಂದವರು "ಯಾವುದು ಒಳ್ಳೆಯದು?" ಎಂದು ಕೇಳುವರು. ಅದಕ್ಕೆ ನಾನೊಂದು ದಾರಿ ಕಂಡುಕೊಂಡಿದ್ದೆ. ಕೊಂಡವರು ಮುಂದಿನ ತಿಂಗಳು ಬಂದಾಗ ಹೇಗಿತ್ತು ಎಂದು ಕೇಳಿ, ಅವರು ಹೇಳಿದ್ದನ್ನು ಒಂದು ವಹಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಹಳದಿ ಚೀಟಿಯ ಕೆಳಗೆ ಹೀಗಿತ್ತು: "ಬೆಲ್ಲದ ಪಾಕ ತಳ ಹಿಡಿದಂತೆ. ಗಂಟಲಲ್ಲಿ ಜಗಳವಿಲ್ಲ." ಬಿಳಿಯದರ ಕೆಳಗೆ: "ಹೊಸ ಬಾಗಿಲಿಗೆ ಬಳಿದ ಎಣ್ಣೆ. ಕೆಮ್ಮು." ಇವು ಯಾರ ಮಾತುಗಳೋ, ಅವರ ಇಂಗ್ಲಿಷನ್ನು ನಾನು ಎಷ್ಟು ತಿರುಚಿದ್ದೆನೋ. ಆ ವಹಿ ಈಗ ಇಲ್ಲ. ಇದ್ದಿದ್ದರೂ ನಾನು ಅದನ್ನು ನಂಬುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕರಿ ಟೋಪಿ, ಮುಚ್ಚುಕೋಟಿನ ಹಿರಿಯರೊಬ್ಬರು ಬಂದರು. ಪರ್ಮಿಟ್ಟಿನ ಪುಸ್ತಕವನ್ನು ಕೋಟಿನ ಒಳಜೇಬಿನಿಂದ ತೆಗೆದು, ಅದರ ಮೇಲೆ ಅಂಗೈ ಮುಚ್ಚಿ ನನ್ನತ್ತ ಸರಿಸಿದರು. ಹೆಸರು ನೋಡಿದೆ, ನಮ್ಮ ಕಡೆಯದು.

"ವಿಜಾಪುರದವರೇನ್ರಿ?" ಎಂದೆ.

ಅವರು ಬೆಚ್ಚಿದರು. "ಅಯ್ಯ ಶಿವನ! ಇಡೀ ಮುಂಬೈಯೊಳಗ ಕನ್ನಡ ಬಲ್ಲಾಂವ ಇಲ್ಲೇ ಕುಂತಿರಬೇಕಿತ್ತೇನು?"

"ನಾ ಯಾರಿಗೂ ಹೇಳಂಗಿಲ್ರಿ, ಕಾಕಾ."

"ಹೇಳೋದೇನೈತಿ, ಸರ್ಕಾರನ ಬರದು ಕೊಟ್ಟೈತಿ, ನಾ ಕುಡುಕ ಅಂತ."

ಅವರು ಕಾಂದಿವಲಿಯ ಚಾಳೊಂದರಲ್ಲಿ, ಅಂದರೆ ವಠಾರದಲ್ಲಿ, ಇದ್ದರು. ಬಟ್ಟೆಯ ಗಿರಣಿಯೊಂದರಲ್ಲಿ ಹೆಡ್ ಕ್ಲಾರ್ಕ್. ಹುಟ್ಟಿದ ಮೇಲೆ ಹೆಂಡ ಮುಟ್ಟಿದವರಲ್ಲ. ಮದ್ಯವಿಲ್ಲದಿದ್ದರೆ ಆರೋಗ್ಯ ಕೆಡುತ್ತದೆ ಎಂದು ಪರಿಚಯದ ಡಾಕ್ಟರರಿಂದ ಬರೆಸಿಕೊಳ್ಳಲು ಎರಡು ತಿಂಗಳು ಓಡಾಡಿದ್ದರು. ಕಾರಣ ಅವರ ತಮ್ಮ. ಒಂಬತ್ತು ವರ್ಷಗಳ ಹಿಂದೆ, ಹಬ್ಬದ ದಿನ, ಕುಡಿದು ಮನೆಗೆ ಬಂದ ತಮ್ಮನನ್ನು ಇವರು ಹೊರಗೆ ಹಾಕಿದ್ದರು. "ಇನ್ನ ಮ್ಯಾಲೆ ಈ ಮನಿ ನೀರು ಮುಟ್ಟಬ್ಯಾಡ" ಎಂದಿದ್ದರು. ಆತ ಹಡಗು ಸೇರಿದ, ಅಡುಗೆಯವನಾಗಿ. ಹಡಗು ಅಮೆರಿಕದ್ದು. ಈಗ ಮೂರು ವಾರದಲ್ಲಿ ಅದು ಮುಂಬಯಿಗೆ ಬರುವುದಿತ್ತು, ಅವನಿಗೆ ದಡದಲ್ಲಿ ಒಂದು ಭಾನುವಾರ ಸಿಗುವುದಿತ್ತು.

"ಬರ್ತೇನಿ ಅಂತ ಬರದಾನ. ಉಣ್ತೇನಿ ಅಂತ ಬರದಿಲ್ಲ," ಎಂದರು ಕಾಕಾ. "ಅವನ ಮುಂದ ಬಾಟ್ಲಿ ಇಟ್ಟು ಸಂಗಾಟ ಕೂಡ್ತೇನಿ. ಅವಂಗ ತಿಳೀಲಿ. ಬಾಯಿಲೆ ನನಗ ಹೇಳಾಕ ಬರಂಗಿಲ್ಲ."

ಅಮೆರಿಕದ ಹಡಗಿನವರು ಬರ್ಬನ್ ಕುಡಿದು ಚಿರೂಟು ಸೇದುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದರು. ಎರಡೂ ಬೇಕು, ಎರಡೂ ಕೈಗೆಟುಕುವಂತಿರಬೇಕು. ಕೊಳ್ಳುವುದು ಒಂದೇ ಬಾಟಲಿ. ತಪ್ಪಿದರೆ ತಿದ್ದಿಕೊಳ್ಳಲು ಸಮಯವಿರಲಿಲ್ಲ.

ಮೂರನ್ನೂ ಮೇಜಿನ ಮೇಲೆ ಇಟ್ಟೆ. ಅದು ಜೋಳದಿಂದ ಮಾಡಿದ್ದು ಎಂದಾಗ ಅವರ ಮುಖ ಅರಳಿತು.

"ಬಿಳಿಜೋಳ?"

"ಗೋವಿನಜೋಳರಿ."

"ಥೂ, ದನಕ್ಕ ಹಾಕೋದು! ಇರಲಿ, ಹ್ಯಾಂಗಿದ್ರೂ ಜೋಳನ ಅಲ್ಲ."

ಒಳಗಿನ ಕುರ್ಚಿಯಿಂದ ಸೇಠರು ಎದ್ದು ಬಂದರು. ಅವರು ನನ್ನನ್ನು ಡಿಕ್ರಾ ಎಂದು ಕರೆಯುತ್ತಿದ್ದರು, ಮಗನೇ ಎಂಬಂತೆ. ಬೈಯುವಾಗಲೂ ಡಿಕ್ರಾ. "ಅರೆ ಡಿಕ್ರಾ, ಚಂದದ ಚೀಟಿ ತೋರಿಸಬೇಡ, ಮೊದಲು ವಯಸ್ಸು ತೋರಿಸು," ಎಂದು ಹಿಂದಿಯಲ್ಲಿ ಹೇಳಿದರು. ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಬರ್ಬನ್ ಕೂತಿರುತ್ತದೆ. ಎರಡು ವರ್ಷ ಕೂತದ್ದಕ್ಕೆ ಸಿಟ್ಟು ಜಾಸ್ತಿ. ನಾಲ್ಕು ವರ್ಷ ಕೂತದ್ದಕ್ಕೆ ಮಾತು ಬರುತ್ತದೆ. ಅದಕ್ಕೂ ಹಳೆಯದು ಬೇಕೆಂದರೆ ಬರೀ ವಯಸ್ಸಿಗೆ ಹಣ ಕೊಟ್ಟಂತೆ. ಹೊಸಬನಿಗೆ ಖಾರ ಕಡಿಮೆ ಇರುವುದೇ ಒಳ್ಳೆಯದು. ಎರಡು ಬೆರಳಿನಷ್ಟು ಹಾಕಬೇಕು, ಮೂಗಿಗೆ ತೋರಿಸಬೇಕು, ಗುಟುಕು ಬಾಯಲ್ಲಿ ನಿಲ್ಲಬೇಕು. ಆಮೇಲೆ ಕೆಲವು ಹನಿ ನೀರು. ನೀರು ಬಿದ್ದ ಮೇಲೆಯೇ ಅದು ಬಿಚ್ಚಿಕೊಳ್ಳುವುದು.

ಹಳದಿ ಚೀಟಿಯದು ನಾಲ್ಕು ವರ್ಷದ್ದು. ವಹಿಯೂ ಅದನ್ನೇ ಹೇಳುತ್ತಿತ್ತು. ಅದನ್ನೇ ಕೊಟ್ಟೆವು. ಪುಸ್ತಕದಲ್ಲಿ ಮುದ್ರೆ ಒತ್ತಿದೆ. ಚಿರೂಟಿಗೆ ಕಾಕಾ ತಿರುಚಿನಾಪಳ್ಳಿಯ ಕರಿಯದಕ್ಕೆ ಕೈ ಹಾಕಿದರು, ದಪ್ಪಗಿದೆ, ಮರ್ಯಾದೆ ಎಂದು. ಸೇಠರು ಕೈ ಹಿಡಿದು ತಡೆದರು. ಮೊದಲ ಸಲದವರಿಗೆ ತಿಳಿ ಕಂದು ಎಲೆಯದು, ಗಿಡ್ಡದು, ಹಿಚುಕಿದರೆ ಸ್ವಲ್ಪ ಮೆತ್ತಗಿರುವುದು. ಅಂಥ ನಾಲ್ಕನ್ನು ಆರಿಸಿ ಕಾಗದದಲ್ಲಿ ಸುತ್ತಿಕೊಟ್ಟರು.

ಮುಂದಿನ ಮೂರು ವಾರ, ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಕಾಕಾ ಅಂಗಡಿಯ ಹಿಂದಿನ ಕೋಣೆಗೆ ಬಂದರು. ಮನೆಯಲ್ಲಿ ದಿನವೂ ಬಾಟಲಿಯ ಮುಚ್ಚಳದಷ್ಟು ಅಭ್ಯಾಸ ಮಾಡುತ್ತಿದ್ದರಂತೆ, ಹೆಂಡತಿ ಮೂಗು ಮುಚ್ಚಿಕೊಂಡು ನೋಡುತ್ತಿರುವಾಗ. "ಮದಲ ದಿನ ಬಾಯಾಗ ಬೆಂಕಿ. ಈಗ ಬೆಲ್ಲ ಸಿಗಾಕತ್ತೈತಿ," ಎಂದರು, ಪರೀಕ್ಷೆಯಲ್ಲಿ ಪಾಸಾದವರಂತೆ. ಚಿರೂಟು ಮಾತ್ರ ಒಲಿಯಲಿಲ್ಲ. ಬೀಡಿಯಂತೆ ಒಳಕ್ಕೆ ಎಳೆದುಕೊಂಡು ಕೆಮ್ಮಿ ಕಣ್ಣೀರು ಸುರಿಸಿದರು.

"ನುಂಗಬ್ಯಾಡ್ರಿ ಕಾಕಾ. ಬಿಸಿ ಚಾ ಬಾಯಾಗ ಹಿಡದಂಗ ಹಿಡೀರಿ, ಬಿಡ್ರಿ. ಗಡಿಬಿಡಿ ಬ್ಯಾಡ. ಬೂದಿ ಝಾಡಿಸಬ್ಯಾಡ್ರಿ, ತಾನ ಬೀಳ್ತದ."

ಹೀಗೆ, ಎಂದು ತೋರಿಸಿದೆ. ತೋರಿಸಿದ್ದು ಪೆನ್ಸಿಲಿನಿಂದ. ಪೆನ್ಸಿಲನ್ನು ತುಟಿಯ ನಡುವೆ ಇಟ್ಟು ಎಳೆದೆ, ಗಾಳಿಯನ್ನೇ ಬಿಟ್ಟೆ. ಸೇಠರು ನನಗೂ ಒಂದು ಚಿರೂಟು ಚಾಚಿದಾಗ ಬೇಡವೆಂದೆ. ಆಗ ನಾನು ದಿನಕ್ಕೆ ನಾಲ್ಕೈದು ಸಿಗರೇಟು ಸೇದುವವನು. ಆದರೂ ಏಕೆ ಬೇಡವೆಂದೆ ಎಂದು ಯೋಚಿಸಲಿಲ್ಲ. ಕಾಕಾ ಕೂಡ ಯೋಚಿಸಲಿಲ್ಲ. ಅಲ್ಲಿಯೇ ನಮಗೆ ಹೊಳೆಯಬೇಕಿತ್ತು.

ಆ ಭಾನುವಾರ ನಾನೂ ಜೊತೆಗಿರಬೇಕೆಂದು ಕಾಕಾ ಹಟ ಹಿಡಿದರು. ಚರ್ಚ್‌ಗೇಟಿನಿಂದ ಲೋಕಲ್ ಹಿಡಿದು ಕಾಂದಿವಲಿಗೆ ಹೋದೆ. ಅವರದು ಎರಡು ಕೋಣೆಯ ಮನೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಹಳೆಯ ಇಳಕಲ್ ಸೀರೆಯ ಪರದೆ. ತಮ್ಮ ಹನ್ನೆರಡು ಗಂಟೆಗೆ ಬಂದ. ಎತ್ತರದವನು, ಹೊಳಪಿನ ಬೂಟು, ಕೂದಲಲ್ಲಿ ಬಿಳಿ. ಬೂಟು ಬಿಚ್ಚುತ್ತಿದ್ದಂತೆಯೇ ನಮ್ಮ ಕಡೆಯ ಪದ್ಧತಿಯಂತೆ ಕಾಕಾ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು.

ತಮ್ಮ ತಂಬಿಗೆಯನ್ನು ನೋಡಿದ. ಮುಟ್ಟಲಿಲ್ಲ.

"ಬ್ಯಾಡ ಅಣ್ಣಾ. ಸ್ಟೇಷನ್‌ದಾಗ ಕುಡದ ಬಂದೇನಿ."

ಒಳಗೆ ಬಾಣಲೆ ಚುರುಗುಟ್ಟಿತು. ಕಾಕಾ ನನ್ನ ಮುಖ ನೋಡಿದರು, ಈಗ ಎಂಬಂತೆ. ಪೆಟ್ಟಿಗೆಯಿಂದ ಬಾಟಲಿ ತೆಗೆದರು, ಎರಡು ಗಾಜಿನ ಲೋಟ ಇಟ್ಟು ಎರಡೆರಡು ಬೆರಳು ಅಳೆದು ಸುರಿದರು. ಒಬ್ಬರ ಪರ್ಮಿಟ್ಟಿನದನ್ನು ಇನ್ನೊಬ್ಬರಿಗೆ ಸುರಿಯುವುದು ಅಪರಾಧ. ಆ ಅಪರಾಧವನ್ನೂ ಅವರು ಅಚ್ಚುಕಟ್ಟಾಗಿ ಮಾಡಿದರು. ಚಿರೂಟು ಹೊತ್ತಿಸಿ, ಹೊಗೆ ನುಂಗದೆ ಬಿಟ್ಟು, ಇನ್ನೊಂದನ್ನು ತಮ್ಮನತ್ತ ಹಿಡಿದರು.

ತಮ್ಮ ಚಾಪೆಯಿಂದ ಎದ್ದು ನಿಂತ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಪೋಸ್ಟಾಫೀಸಿನಲ್ಲಿ ಸಾಹೇಬರ ಎದುರು ನಿಂತವನಂತೆ.

"ಅಣ್ಣಾ, ಏನಿದು?"

"ಕುಡಿ. ನಿನ್ನ ಸಂಬಂಧನ ತಂದೇನಿ. ನಿಮ್ಮ ಅಮೆರಿಕಾದ್ದ."

"ನಿನ್ನ ಮುಂದ ಹ್ಯಾಂಗ ಕುಡೀಲಿ?"

"ನಾನ ಕೊಡಾಕತ್ತೇನಲ್ಲ!"

"ನೀ ಕೊಟ್ರೂ. ಆವತ್ತರ ನಿನ್ನ ಮುಂದ ಕುಡದಿದ್ನೇನು? ಹೊರಗ ಕುಡದು ಬಂದಿದ್ದೆ. ಹಿರಿಯಣ್ಣನ ಮುಂದ ಗ್ಲಾಸ್ ಎತ್ತೂವಷ್ಟು ಕೆಟ್ಟಿಲ್ಲ ನಾ."

ಕಾಕಾ ಚಾಚಿದ ಚಿರೂಟನ್ನು ಮೆಲ್ಲಗೆ ಚಾಪೆಯ ಮೇಲಿಟ್ಟರು. ಬಾಟಲಿಯ ವಯಸ್ಸು ನೋಡಿದ್ದೆವು, ಎಲೆಯ ಬಣ್ಣ ನೋಡಿದ್ದೆವು. ಕಿರಿಯವನು ಹಿರಿಯನ ಎದುರು ಸೇದುವುದಿಲ್ಲ, ಕುಡಿಯುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಎಷ್ಟು ಸಹಜವಾಗಿತ್ತೆಂದರೆ, ಅದು ನೆನಪಿಗೇ ಬಂದಿರಲಿಲ್ಲ. ಮೂರು ವಾರ ಪೆನ್ಸಿಲು ಸೇದಿದವನು ನಾನು. ಕಾಕಾ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಲೋಕದ ಕುಡುಕನನ್ನು. ಎದುರಿಗೆ ನಿಂತಿದ್ದು ಅವರ ತಮ್ಮ.

ಅವನು ಬೂಟಿನತ್ತ ನೋಡಿದನೆಂದು ನನ್ನ ನೆನಪು. ನೋಡದೆಯೂ ಇದ್ದಿರಬಹುದು. ಹೊರಟೇಬಿಡುತ್ತಾನೆ ಎಂದು ಹೆದರಿದ್ದು ನಾನು.

ಪರದೆ ಸರಿಸಿ ಕಾಕಾ ಅವರ ಹೆಂಡತಿ ಬಂದರು. ಸೆರಗಿನಿಂದ ಮೂಗು ಮುಚ್ಚಿದ್ದರು. ಅವರ ಮಾತು ಆ ಸೆರಗಿನ ಒಳಗಿನಿಂದಲೇ ಬಂತು.

"ಏನ್ರೀ ಸರ್ಕಾರಿ ಕುಡುಕರ, ನಿಮ್ಮ ಗ್ಲಾಸ್ ತೊಗೊಂಡು ಒಳಗ ಬರ್ರಿ. ಹುಡುಗ ಅಲ್ಲೇ ಕೂಡಲಿ. ನಡುವ ಪರದಾ ಐತಿ. ಅಂವ ನಿಮಗ ಕಾಣಂಗಿಲ್ಲ, ನೀವು ಅವಂಗ ಕಾಣಂಗಿಲ್ಲ."

'ಹುಡುಗ' ಎಂಬ ಮಾತು ಕೇಳಿ ನಲವತ್ತರ ಹತ್ತಿರದ ಆ ಗಂಡಸು ಅತ್ತಿಗೆಯತ್ತ ತಿರುಗಿ ನಕ್ಕುಬಿಟ್ಟ. "ವೈನಿ, ನೀವಂತೂ ಬದಲಾಗಲಿಲ್ಲ."

"ಬದಲಾಗಾಕ ನನಗೇನು ಹಡಗ ಇತ್ತೇನು? ಕೂಡು."

ಕಾಕಾ ಲೋಟ, ಚಿರೂಟು ಹಿಡಿದು ಒಳಗೆ ಹೋದರು. ಪರದೆ ಬಿತ್ತು. ಅದರ ಆಚೆ ಅಣ್ಣ, ಒಲೆಯ ಪಕ್ಕದ ಮಣೆಯ ಮೇಲೆ. ಈಚೆ ತಮ್ಮ, ಉಳಿದ ಲೋಟ, ಚಿರೂಟು ಎತ್ತಿಕೊಂಡು ಗೋಡೆಗೊರಗಿ. ಅಣ್ಣ ಗುಟುಕು ಕುಡಿದಾಗ ಮುಖದಲ್ಲಿ ಮೂಡಿದ ಹೆಮ್ಮೆಯೂ ತಮ್ಮನ ಗಂಟಲಿನ ಚಲನೆಯೂ ನನಗೆ ಒಂದೇ ಚಿತ್ರದಲ್ಲಿ ಕಾಣುತ್ತವೆ. ಅದು ಸಾಧ್ಯವಿಲ್ಲ. ನಾನು ಪಡಸಾಲೆಯಲ್ಲಿದ್ದೆ. ಪರದೆಯಾಚೆಯದನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಕಂಡದ್ದು ಹೊಗೆ ಮಾತ್ರ. ಪರದೆಯ ಮೇಲಿನ ಸಂದಿಯಿಂದ ಒಳಗಿನದು ಹೊರಗೆ ಬರುತ್ತಿತ್ತು, ಹೊರಗಿನದು ಒಳಗೆ ಹೋಗುತ್ತಿತ್ತು.

"ಹ್ಯಾಂಗೈತಿ?" ಒಳಗಿನಿಂದ ಕಾಕಾ.

"ಛಲೋ ಐತಿ. ಯಾರು ಆರಿಸಿದ್ರು?"

"ನಾನ!"

ನನ್ನತ್ತ ನೋಡಿ ತಮ್ಮ ಹುಬ್ಬೇರಿಸಿದ. ನಾನು ತಲೆಯಾಡಿಸಿದೆ, ಹೌದು ಅವರೇ ಎಂದು.

"ನಾಕ ವರ್ಷದ್ದು," ಎಂದು ಪರದೆ ಪಾಠ ಒಪ್ಪಿಸಿತು. "ಒಳಗ ಸುಟ್ಟ ಪೀಪಾಯಿದಾಗ ಇಟ್ಟಿದ್ದು. ಬೆಲ್ಲದ ವಾಸನಿ ಬರ್ತೈತೇನು ನೋಡು."

"ಬರ್ತೈತಿ. ನಾ ಹಡಗಿನ್ಯಾಗ ಕುಡಿಯೋದು ಇದರ ಅರ್ಧಾ ಸುದ್ದಾ ಇರಂಗಿಲ್ಲ."

ಆಮೇಲೆ ಕಾಕಾ ಕೆಮ್ಮಿದರು. ಮೂರು ವಾರದ ಪಾಠ ಮರೆತು ಹೊಗೆ ನುಂಗಿದ್ದರು. ಕೆಮ್ಮು ನಿಲ್ಲಲಿಲ್ಲ. ತಮ್ಮ ತನ್ನ ಲೋಟವನ್ನು ಬೆನ್ನ ಹಿಂದೆ ಮುಚ್ಚಿಟ್ಟು ಪರದೆಯ ಹತ್ತಿರ ಬಂದ.

"ಅಣ್ಣಾ? ನೀರ ಕುಡಿ."

"ನೀ... ಕುಡಿ ಮದಲ." ಕೆಮ್ಮಿನ ನಡುವೆಯೇ ಬಂತು ಮಾತು. "ಅದಕ್ಕ... ನೀರ ಹಾಕ್ಬೇಕು. ನೀರ ಬಿದ್ರ ಬಿಚ್ಚತೈತಿ... ಸೇಠ ಹೇಳ್ಯಾನ."

ನೀರು ಬಿದ್ದರೆ ಬಿಚ್ಚಿಕೊಳ್ಳುತ್ತದೆ ಎಂದು ಹಡಗಿನವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆತ ಬಾಗಿಲ ಬಳಿ ಹಾಗೇ ಇದ್ದ ತಂಬಿಗೆಯತ್ತ ನಡೆದ. ಲೋಟಕ್ಕೆ ಕೆಲವು ಹನಿ ಬಗ್ಗಿಸಿದ. ಆಮೇಲೆ ಲೋಟವನ್ನು ಕೆಳಗಿಟ್ಟು, ತಲೆ ಹಿಂದಕ್ಕೆ ಚೆಲ್ಲಿ, ತಂಬಿಗೆಯ ನೀರನ್ನೇ ಗಟಗಟ ಕುಡಿದ. ಇದು ನಾನು ಕಂಡ ರೀತಿ. ಕಾಕಾ ಮುಂದಿನ ತಿಂಗಳು ಅಂಗಡಿಗೆ ಬಂದಾಗ ಬೇರೆ ಹೇಳಿದರು. ತಮ್ಮ ಉಂಡ ಮೇಲೆ ತಾವೇ ನೀರು ಕೊಟ್ಟರಂತೆ, ಅವನು ಅಣ್ಣನ ಕೈಯಿಂದಲೇ ಇಸಿದುಕೊಂಡನಂತೆ. ಯಾವುದು ನಿಜವೋ. ಅವರಿಗೆ ಅವರದು ಬೇಕಾಗಿತ್ತು, ನಾನು ವಾದಿಸಲಿಲ್ಲ.

ತಂಬಿಗೆ ಬರಿದಾಗಿತ್ತು ಎಂಬುದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ವೈನಿ ಪರದೆಯಿಂದ ಕೈ ಚಾಚಿ ಅದನ್ನು ಒಳಗೆ ಎಳೆದುಕೊಂಡು, ತುಂಬಿ ಮತ್ತೆ ಹೊರಗಿಟ್ಟರು. ಜೊತೆಗೆ ಮೂರು ತಾಟು ಇಟ್ಟರು.

"ಸರ್ಕಾರಿ ಕುಡುಕರು ಇನ್ನ ಹೊರಗ ಹೋಗಬಹುದು," ಎಂದರು. "ಗ್ಲಾಸ್ ಇಲ್ಲೇ ಇರಲಿ. ಹೋಳಿಗಿ ಆರ್ತಾವ."