ಈ ಸಲ ಚಂದ್ರಿಕೆ ಇಲ್ಲ

ಹರದನಹಳ್ಳಿಯ ಶಿವರುದ್ರಮ್ಮ ಕಂಡ ಗಂಡಸರನ್ನೆಲ್ಲ ಅಣ್ಣ ಎಂದೇ ಕರೆಯುತ್ತಿದ್ದಳು, ಒಬ್ಬನನ್ನು ಬಿಟ್ಟು. ಬದನಗುಪ್ಪೆಯ ಗುರುಪಾದಸ್ವಾಮಿಯ ಎದುರು ಮಾತ್ರ ಆ ಮಾತು ನಾಲಗೆಯ ತುದಿಯಲ್ಲೇ ನಿಂತುಬಿಡುತ್ತಿತ್ತು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ಮದುವೆಯಿಲ್ಲದೆ ಮೂವತ್ತು ದಾಟಿದ ಅವಳಿಗೆ ಅಪ್ಪ ಬಿಟ್ಟುಹೋದದ್ದು ತುಂಡು ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಕೋಣೆ ಮತ್ತು ಅವನೇ ಬಿದಿರು ಸೀಳಿ ಸುರುಳಿ ಸುರುಳಿಯಾಗಿ ಹೆಣೆದ ಚಂದ್ರಿಕೆ ತಟ್ಟಿಗಳು. ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಚಂದ್ರಿಕೆಯ ಸುರುಳಿಗೆ ಬಿಟ್ಟರೆ ಗೂಡು ಗಟ್ಟಿಯಾಗಿ ಬರುತ್ತದೆ. ಅಂಥ ಚಂದ್ರಿಕೆ ಸುತ್ತಮುತ್ತ ಎಲ್ಲೂ ಇರಲಿಲ್ಲ. ಪ್ರತಿ ಬೆಳೆಗೂ ಗುರುಪಾದಸ್ವಾಮಿ ಗಾಡಿ ಹೂಡಿಕೊಂಡು ಬಂದು ಎರವಲು ಒಯ್ಯುತ್ತಿದ್ದ. ಹೆಂಡತಿ ತೀರಿಕೊಂಡವನು, ಮಾತು ಕಡಿಮೆ. ಆ ಮೌನ ದುಃಖದ್ದು, ಒಂದು ದಿನ ತನ್ನೆದುರು ಕರಗುತ್ತದೆ ಎಂದು ಶಿವರುದ್ರಮ್ಮ ನಂಬಿದ್ದಳು. ಒಮ್ಮೆ ಹಿಂತಿರುಗಿದ ಚಂದ್ರಿಕೆಯಲ್ಲಿ ಒಣಗಿದ ಚೆಂಡುಹೂವೊಂದು ಸಿಕ್ಕಿಕೊಂಡಿತ್ತು. ಅದನ್ನು ಅರಿಸಿನದ ಭರಣಿಯಲ್ಲಿ ಎತ್ತಿಟ್ಟಳು.

"ಅವರವ್ವ ಚಂದ್ರಿಕೆಗೆ ಪೂಜೆ ಮಾಡಿ ಸಿಕ್ಸಿದ್ದು ಕಣಮ್ಮಿ, ಎಸಿ ಅತ್ಲಾಗೆ" ಎಂದು ನೆರೆಮನೆಯ ಚಿಕ್ಕನಿಂಗಮ್ಮ ನಕ್ಕರೂ ಕೇಳಲಿಲ್ಲ. ಇತ್ತ ಚಂದ್ರಿಕೆಯಿಲ್ಲದೆ ಅವಳ ಹುಳುಗಳು ಒಣಸೊಪ್ಪಿನ ಮೇಲೆ ಹೇಗೋ ಕಟ್ಟಿದ ಜೊಳ್ಳು ಗೂಡನ್ನು ವ್ಯಾಪಾರಿಗಳು ಮೂಲೆಗೆ ತಳ್ಳುತ್ತಿದ್ದರು.

ಆ ಮಾಗಿಯಲ್ಲಿ ಹುಳು ಎಂದಿಗಿಂತ ಚೆನ್ನಾಗಿ ಬಂತು. ಅವು ತಲೆಯೆತ್ತಿ ಆಡಿಸುತ್ತ ಆಸರೆ ಹುಡುಕುತ್ತಿದ್ದ ಬೆಳಿಗ್ಗೆಯೇ ಗಾಡಿ ಬಂತು. ಶಿವರುದ್ರಮ್ಮ ಮಜ್ಜಿಗೆ ಕೊಟ್ಟು, ತನ್ನವೂ ಹಣ್ಣಾಗಿವೆ ಎಂದಳು. ಒಮ್ಮೆ ತನ್ನ ಮುಖ ನೋಡಲಿ, ಅಯ್ಯೋ ನಿನಗೆ ಕಷ್ಟವಾಯಿತಲ್ಲ ಎನ್ನಲಿ, ಎಲ್ಲವನ್ನೂ ಕೊಟ್ಟುಬಿಡುತ್ತೇನೆ ಎಂದುಕೊಂಡಳು.

ಅವನ ಕಣ್ಣು ಗೋಡೆಗೆ ಒರಗಿದ್ದ ಚಂದ್ರಿಕೆಗಳ ಮೇಲಿತ್ತು.

"ನಿಮ್ಮುಳ ಯಾವಾಗ್ಲೂವೆ ಸೊಪ್ನಲ್ಲೇ ಕಟ್ತವಲ್ಲ. ಅವುಕ್ಕೆ ರೂಢಿನೇ ಬುಡಿ" ಎಂದ.

ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಪ್ರತಿ ಸಲವೂ ಒಯ್ದಿದ್ದ.

"ಈ ಸಲ ಚಂದ್ರಿಕೆ ಇಲ್ಲ, ಗುರುಪಾದಣ್ಣ."

ಆ ಅಣ್ಣ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ನಗು ಬಂತು. ಅವನು ಮಜ್ಜಿಗೆ ಮುಗಿಸಿ ಬರಿಗಾಡಿ ಹೊಡೆದುಕೊಂಡು ಹೋದ. ಚಂದ್ರಿಕೆಗೆ ಅರಿಸಿನ ಇಡಲು ಭರಣಿಗೆ ಕೈ ಹಾಕಿದಾಗ ಸಿಕ್ಕ ಒಣಹೂ ತಿಪ್ಪೆ ಸೇರಿತು. ಚಿಕ್ಕನಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ಇಬ್ಬರೂ ಕೂತು ಒಂದೊಂದೇ ಹುಳುವನ್ನು ಸುರುಳಿಗೆ ಬಿಟ್ಟರು.

ಕೆಲವು ದಿನಗಳಲ್ಲಿ ಸುರುಳಿ ಸುರುಳಿಗೂ ಹೊಂಬಣ್ಣ ತುಂಬಿತು. ಚಾಮರಾಜನಗರದ ಸಂತೆಯಲ್ಲಿ ವ್ಯಾಪಾರಿಯೊಬ್ಬ ಗೂಡನ್ನು ಕಿವಿಯ ಬಳಿ ಆಡಿಸಿ ನೋಡಿ, ಮತ್ತೊಂದನ್ನು ಎತ್ತಿ, ಇದು ಯಾರದು ಎಂದು ಕೇಳಿದ.

"ನಂದು" ಎಂದಳು ಶಿವರುದ್ರಮ್ಮ, ಇನ್ನೊಂದು ಸಲ ಕೇಳಲಿ ಎಂಬಂತೆ.