ರುಚಿಗೊಂದು ಬಾಟಲಿ

ರಷ್ಯಾದಲ್ಲಿ ಆರು ವರ್ಷ ಡಾಕ್ಟರಿ ಓದಿ ಹುಣಸೂರಿಗೆ ಮರಳಿದ್ದೇನೆ. ಇಲ್ಲಿನ ಪರೀಕ್ಷೆ ಪಾಸಾಗುವವರೆಗೆ ನಾನು ಯಾವ ಡಾಕ್ಟರೂ ಅಲ್ಲ. ಅಪ್ಪನ ದಿನಸಿ ಅಂಗಡಿಯಲ್ಲಿ ಕೂತು ಪುಸ್ತಕ ತಿರುವುತ್ತೇನೆ, ಎದ್ದು ಬಾಗಿಲಿಗೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಕೂತಲ್ಲಿ ಕೂರಲಾಗದ ಈ ಚಡಪಡಿಕೆಗೆ ಮದ್ದೆಂದು ಒಂದು ಕೆಲಸ ಹಿಡಿದೆ. ಕನ್ನಡ-ರಷ್ಯನ್ ನಿಘಂಟಿಗೆ ಪದಗಳ ಅರ್ಥ, ಜೊತೆಗೆ ಒಂದೊಂದು ಉದಾಹರಣೆ ಬರೆದು ಕಳಿಸುವುದು. ತಿದ್ದುವವರು ರಷ್ಯಾದ ಒಬ್ಬ ವಯಸ್ಸಾದ ಮೇಡಂ.

'ಸುಲಿಗೆ' ಬಂದ ದಿನ ನಾನು ಯೋಚಿಸಲೇ ಇಲ್ಲ. ರಷ್ಯನ್ನಿನಲ್ಲಿ 'ವಿಮಗಾತೆಲ್ಸ್ತ್ವೊ' ಎಂದು ಬರೆದು, ಕಳ್ಳರು ದಾರಿಹೋಕರನ್ನು ಸುಲಿಗೆ ಮಾಡಿದರು ಎಂಬ ಉದಾಹರಣೆ ಕೊಟ್ಟೆ. ಮೇಡಂ ಅದನ್ನು ವಾಪಸ್ ಕಳಿಸಿದರು. ನಿನ್ನ ವಾಕ್ಯದಲ್ಲಿರುವುದು ದರೋಡೆ, ಅದಕ್ಕೆ ನಮ್ಮಲ್ಲಿ ಬೇರೆ ಪದವಿದೆ. ನೀನು ಬರೆದ ರಷ್ಯನ್ ಪದವೇ ಬೇರೆ, ಇದರಲ್ಲಿ ಯಾರೂ ಕಿತ್ತುಕೊಳ್ಳಬೇಕಿಲ್ಲ, ಹೆದರಿದವರು ತಾವೇ ಕೈಯಾರೆ ತಂದುಕೊಡುತ್ತಾರೆ. ಅಂಥದ್ದನ್ನು ನೀನು ನೋಡಿಲ್ಲವೇ ಎಂದು ಕೇಳಿದ್ದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕಣ್ಣು ಸೀದಾ ಮೇಲಿನ ಹಲಗೆಗೆ ಹೋಯಿತು. ಅಲ್ಲಿ ಜೇನಿನ ಬಾಟಲಿಗಳಿದ್ದವು.

ವೀರನಹೊಸಹಳ್ಳಿ ಕಡೆಯ ಕಾಡಂಚಿನ ಹಾಡಿಯಿಂದ ಒಬ್ಬ ಬುಡಕಟ್ಟಿನ ಅಜ್ಜಿ ಜೇನು ತರುತ್ತಾಳೆ. ಅಪ್ಪ ಅದಕ್ಕೆ ಸರಿಯಾದ ದುಡ್ಡೇ ಕೊಡುತ್ತಾರೆ. ಆದರೆ ಪ್ರತಿ ಸಲ ಒಂದು ಬಾಟಲಿ ಮಾತ್ರ ಪುಕ್ಕಟೆ, ಅದನ್ನು ಅಪ್ಪ ನಗುತ್ತಲೇ ಕೇಳುತ್ತಾರೆ.

"ರುಚಿಗೊಂದು ಮಡಗವ್ವಾ. ಈ ಜೇನು ಎಲ್ಲಿಂದ ತಂದೆ ಅಂತ ಫಾರೆಸ್ಟ್‌ನೋರು ಕೇಳುದ್ರೆ ನಾನಿವ್ನಿ, ಬುಡು."

ಬೆದರಿಕೆಯನ್ನು ಇಷ್ಟು ಅಕ್ಕರೆಯಿಂದಲೂ ಹಾಕಬಹುದು. ಹಾಕುತ್ತಿದ್ದೇನೆಂದು ಅಪ್ಪನಿಗೇ ಗೊತ್ತಿಲ್ಲವೇನೋ. ಆ ರುಚಿಯ ಬಾಟಲಿಗಳೇ ವರ್ಷಾ ವರ್ಷಾ ನನ್ನ ಸೂಟ್‌ಕೇಸಿನಲ್ಲಿ ರಷ್ಯಾಕ್ಕೆ ಹೋದವು. ಹಾಸ್ಟೆಲ್ಲಿನ ಚಳಿಯಲ್ಲಿ ಗಂಟಲು ಕಟ್ಟಿದಾಗ ಟೀಗೆ ಬೆರೆಸಿ ಕುಡಿದು, ಗೆಳತಿಯರಿಗೂ ಹಂಚಿ, ನಮ್ಮೂರ ಜೇನು ಎಂದು ಬೀಗಿದ್ದೆ. ಈಗ ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯದೆ ಅಂಗಡಿಯೊಳಗೇ ಶತಪಥ ಹಾಕಿದೆ.

ಅಪ್ಪನ ಮುಂದೆ ಬಾಯಿ ಬರಲಿಲ್ಲ. ಅಜ್ಜಿಗೇ ಹೇಳಿಬಿಡೋಣ, ಇದು ಇಲ್ಲಿಗೆ ನಿಲ್ಲಲಿ ಅಂದುಕೊಂಡೆ. ಮುಂದಿನ ಸಲ ಅವಳು ಬಂದಾಗ ಅಪ್ಪ ಊಟಕ್ಕೆ ಹೋಗಿದ್ದರು. ನಾನೇ ಜೇನು ತೆಗೆದುಕೊಂಡು ದುಡ್ಡು ಕೊಟ್ಟೆ. ಅವಳು ಅಭ್ಯಾಸದಂತೆ ಇನ್ನೊಂದು ಬಾಟಲಿ ತೆಗೆದು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಳು.

"ಅದು ಬೇಡ ಅಜ್ಜಿ, ತಗೊಂಡೋಗಿ," ಎಂದೆ.

ಅವಳ ಮುಖ ಇಳಿಯಿತು. "ಯಾಕವ್ವಾ? ಯಾರಾರ ಏನಾರ ಏಳುದ್ರಾ?"

"ಯಾರೂ ಏನೂ ಹೇಳಿಲ್ಲ. ಇನ್ಮೇಲೆ ರುಚಿಗೆ ಅಂತ ಕೊಡ್ಬೇಡಿ, ಅಷ್ಟೇ." ಎಷ್ಟೋ ದಿನದ ಒದ್ದಾಟಕ್ಕೋ ಏನೋ, ದನಿ ಜೋರಾಗಿಯೇ ಬಂತು.

ಅಜ್ಜಿ ನನ್ನನ್ನೇ ನೋಡಿದಳು. ಆಮೇಲೆ ಚೀಲದ ತಳಕ್ಕೆ ಕೈಹಾಕಿ, ಬಟ್ಟೆ ಸುತ್ತಿದ್ದ ಮತ್ತೊಂದು ಬಾಟಲಿ ತೆಗೆದು ಮೊದಲಿನದರ ಪಕ್ಕಕ್ಕಿಟ್ಟಳು.

"ಹಾಸ್ಟ್ಲಲ್ಲಿರೋ ಮೊಮ್ಮಗ್ಳ ಕೆಮ್ಮಿಗೆ ಅಂತ ತಂದಿದ್ದೆ ಕಣವ್ವಾ. ಇದ್ನೂ ಮಡಿಕಳಿ. ನಿಮ್ಮಪ್ಪಾರ್ಗೆ ಏಳಿ, ಕ್ವಾಪ ಮಾಡ್ಕಬ್ಯಾಡಿ ಅಂತ."

ನನಗೆ ಒಂದು ಸಾಲದಾಯಿತು ಎಂದುಕೊಂಡಿದ್ದಳು; ಅಷ್ಟು ಹೇಳಿ ಅಂಗಡಿಯಿಂದ ಇಳಿದು ಹೊರಟೂಬಿಟ್ಟಳು. "ಅಯ್ಯೋ, ಹಂಗಲ್ಲ ಅಜ್ಜಿ," ಎನ್ನುತ್ತ ಎರಡೂ ಬಾಟಲಿ ಹಿಡಿದು ಹೊರಗೆ ಓಡಿದೆ. ನಾನು ಕೂಗುತ್ತ ಬರುವುದನ್ನು ಕಂಡು ಅವಳು ಇನ್ನೂ ಬಿರಬಿರನೆ ನಡೆದು, ಹೊರಡುತ್ತಿದ್ದ ಆಟೋ ಹತ್ತಿಬಿಟ್ಟಳು. ಮೊಮ್ಮಗಳು ಯಾವ ಹಾಸ್ಟೆಲ್ಲಿನಲ್ಲಿದ್ದಾಳೆಂದೂ ನನಗೆ ಗೊತ್ತಿಲ್ಲ.

ಊಟ ಮುಗಿಸಿ ಬಂದ ಅಪ್ಪ ಎರಡು ಬಾಟಲಿ ನೋಡಿ ನಕ್ಕರು. "ಎರಡು ಮಡಗುಸ್ಕೊಂಡಿದ್ದೀಯಲ್ಲ! ಪರವಾಗಿಲ್ಲ ಕಣಮ್ಮ, ವ್ಯಾಪಾರ ಕಲ್ತೆ."

ನಾನು ಲ್ಯಾಪ್‌ಟಾಪ್ ತೆರೆದು 'ಸುಲಿಗೆ'ಯ ಹಳೆಯ ಉದಾಹರಣೆ ಅಳಿಸಿ ಬರೆದೆ: ನಾನು ಬೇಡ ಎಂದೆ, ಅಜ್ಜಿ ಹೆದರಿ ಎರಡು ಕೊಟ್ಟಳು. ಈ ಸಲ ಮೇಡಂ ಒಂದಕ್ಷರವನ್ನೂ ತಿದ್ದಲಿಲ್ಲ.