ಮೂರನೇ ಮಾತಿಗೆ ಮಂಡಿ

ಟೈಲ್ಸ್ ಮೇಸ್ತ್ರಿ ಶುಕ್ರವಾರ ಮಧ್ಯಾಹ್ನ ಚರ್ಚಿನ ಬೆಂಚಿನ ಮೇಲೆ ಕೂತಲ್ಲೇ ತೀರಿಕೊಂಡ. ಹೃದಯ ನಿಂತಿತು ಎಂದರು ಡಾಕ್ಟರು. ವಯಸ್ಸು ಅರವತ್ತಮೂರು.

ನಲವತ್ತು ವರ್ಷ ಅವನು ಹೊಟ್ಟೆ ಹೊರೆದದ್ದು ಮಂಡಿಯೂರಿಯೇ. ಊರಿನ ಅಡುಗೆಮನೆ, ಬಚ್ಚಲು, ಆಸ್ಪತ್ರೆಯ ವರಾಂಡ, ಎಲ್ಲ ನೆಲವೂ ಅವನ ಮಂಡಿಗೆ ಗೊತ್ತಿತ್ತು. ಟೈಲ್ ಕೂರಿಸಿ, ಬೆರಳಿನ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳುತ್ತಿದ್ದ. ಟೊಳ್ಳೆನಿಸಿದರೆ ಕಿತ್ತು ಮತ್ತೆ ಕೂರಿಸುತ್ತಿದ್ದ. ಹನ್ನೆರಡಕ್ಕೆ ಚರ್ಚಿನ ಗಂಟೆ ಹೊಡೆದರೆ ಮಾತ್ರ ಕರಣೆ ಕೆಳಗಿಟ್ಟು ಪ್ರಾರ್ಥನೆಗೆ ಎದ್ದು ನಿಲ್ಲುತ್ತಿದ್ದ. ದೇವದೂತ ಯೇಸುವಿನ ತಾಯಿ ಮರಿಯಳಿಗೆ ಸುದ್ದಿ ತಂದ ಮಾತು, ಅವಳು ‘ಆಗಲಿ’ ಎಂದ ಮಾತು, ಎರಡನ್ನೂ ನಿಂತು ಹೇಳಿ, ದೇವರೇ ಮನುಷ್ಯನಾಗಿ ನಮ್ಮ ನಡುವೆ ಬಂದ ಮೂರನೇ ಮಾತಿಗೆ ಮತ್ತೆ ಮಂಡಿಯೂರುತ್ತಿದ್ದ.

“ಲೋ, ಹೇಗೂ ಕೆಳಗೇ ಇದ್ಯಲ್ಲ, ಎದ್ದು ಮತ್ತೆ ಯಾಕೋ ಬೀಳ್ತೀಯ?” ಎಂದು ಜೊತೆಗೆ ಕೆಲಸ ಮಾಡುತ್ತಿದ್ದ ಪೇಂಟರ್ ಗೆಳೆಯ ಛೇಡಿಸುತ್ತಿದ್ದ.

“ಅದು ಕೂಲಿಗೆ ಬಗ್ಗಿದ್ದು ಕಣೋ. ಇದು ಬೇರೆ. ಮೇಲಿದ್ದವನು ತಾನಾಗೇ ಇಳಿದು ಬಂದ. ಇಳಿಯೋಕೆ ಮೊದ್ಲು ನಿಂತಿರ್ಬೇಕಲ್ವಾ?”

ಹೋದ ವರ್ಷ ಎರಡೂ ಮಂಡಿ ಸವೆದು ಆಪರೇಷನ್ ಆಯಿತು. ಕೈಗೆ ಊರುಗೋಲು ಬಂತು. ಇನ್ನು ಮಂಡಿಯೂರುವಂತಿಲ್ಲ ಎಂದರು ಡಾಕ್ಟರು. ಕೆಲಸ ಬಿಟ್ಟದ್ದಕ್ಕೆ ಅವನು ಚಕಾರ ಎತ್ತಲಿಲ್ಲ. ಮೂರನೇ ಮಾತಿಗೂ ನಿಂತೇ ಇರಬೇಕಾಗಿ ಬಂದಾಗ ಮಾತ್ರ ಅವನಿಗೆ ಊಟ ಸೇರದಾಯಿತು.

ಅಡುಗೆಕಟ್ಟೆ ಹಿಡಿದು, ಕೆಳಗೆ ದಿಂಬಿಟ್ಟು ಅಭ್ಯಾಸ ಶುರುಮಾಡಿದ. ಮೂರನೇ ದಿನ ಪಾತ್ರೆಗಳ ಸಮೇತ ಉರುಳಿದ.

“ರೀ, ದೇವರಿಗೇನು ನಿಮ್ಮ ಕಷ್ಟ ಕಾಣಲ್ವಾ? ಮನಸ್ಸಲ್ಲೇ ಮಂಡಿಯೂರಿ, ಸಾಕು,” ಎಂದು ಹೆಂಡತಿ ರೇಗಿದಳು.

“ಅವನೇನು ಮನಸ್ಸಲ್ಲೇ ಹುಟ್ಟಿದ್ನೇನೇ? ಮೈ ಹೊತ್ತು ಬಂದ. ನಿನ್ನ ಹಾಗೇ ಒಬ್ಬ ತಾಯಿ ಹೆತ್ತಳು.”

ಮಾರನೆಯ ದಿನ ಅವಳು ಇನ್ನೂ ದಪ್ಪದೊಂದು ದಿಂಬು ತಂದಿಟ್ಟಳು. ತಿಂಗಳುಗಳು ಕಳೆದಂತೆ ದಿಂಬು ಹೋಗಿ ಮಡಿಚಿದ ಕಂಬಳಿ ಬಂತು, ಕಂಬಳಿ ಹೋಗಿ ಟವೆಲ್ ಬಂತು.

ಆ ಶುಕ್ರವಾರ ಗೆಳೆಯನನ್ನು ಕರೆದುಕೊಂಡು ಚರ್ಚಿಗೆ ಹೋದ. ಅಲ್ಲಿನ ನೆಲ ಅವನೇ ಹಾಕಿದ್ದು. ಗಂಟೆ ಹೊಡೆಯಿತು. ಮೊದಲ ಮಾತು, ಎರಡನೇ ಮಾತು. ಮೂರನೆಯದಕ್ಕೆ ಮೇಸ್ತ್ರಿ ಇಳಿದ. ಬರಿಯ ನೆಲಕ್ಕೆ ಎರಡೂ ಮಂಡಿ ಮುಟ್ಟಿದವು. ಪ್ರಾರ್ಥನೆ ಮುಗಿಸಿ, ಅಲ್ಲಿಂದಲೇ ಟೈಲನ್ನು ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟ.

“ಗಟ್ಟಿಯಾಗಿದೆ ಕಣೋ,” ಎಂದ. ಮುಖವೆಲ್ಲ ನಗು.

ಎಬ್ಬಿಸಲು ಗೆಳೆಯ ಕೈ ಚಾಚಿದ. ಮೇಸ್ತ್ರಿ ಆ ಕೈಗೆ ತನ್ನ ಊರುಗೋಲು ಕೊಟ್ಟು, ತಾನೇ ಎದ್ದು, ನೆಟ್ಟಗೆ ನಡೆದುಹೋಗಿ ಬೆಂಚಿನ ಮೇಲೆ ಕೂತ.